ಚಿಪ್ಪು ತೊಳೆಯುವುದೇ ಅರ್ಧ ಕೆಲಸ: ಹಳೇ ಕಡಲಿನ ಬಿಸಿ ಅಳೆದ ನನ್ನ ಅನುಭವ

ನಾನು ಕೆಲಸ ಮಾಡಿದ್ದು ಕರ್ನಾಟಕ ಕರಾವಳಿಯಾಚೆ, ಅರಬ್ಬಿ ಸಮುದ್ರದ ತಳದ ಇಳಿಜಾರಿನಿಂದ ಎತ್ತಿದ ಕೆಸರಿನ ಕೋರ್ (ಕೊಳವೆಯಾಕಾರದ ಉದ್ದನೆಯ ಮಾದರಿ) ಮೇಲೆ. ಸುಮಾರು 21,000 ವರ್ಷಗಳ ಹಿಂದೆ ಹಿಮಯುಗ ಜೋರಾಗಿತ್ತು. ಆಗ ಇಲ್ಲಿನ ಮೇಲ್ನೀರು ಎಷ್ಟು ಬಿಸಿ ಇತ್ತು ಎಂಬುದು ನನ್ನ ಪ್ರಶ್ನೆ.

ಉತ್ತರ ಇರುವುದು ಫೊರಾಮಿನಿಫೆರಾ ಎಂಬ ಒಂದೇ ಕೋಶದ ತೇಲುಜೀವಿಗಳ ಚಿಪ್ಪಿನಲ್ಲಿ. ಕೆಲವೇ ವಾರ ಬದುಕುತ್ತವೆ. ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ. ಈ ಸುಣ್ಣದ ಚಿಪ್ಪು ಬೆಳೆಯುವಾಗ ಕ್ಯಾಲ್ಸಿಯಂ ಜಾಗಕ್ಕೆ ಚೂರು ಮೆಗ್ನೀಸಿಯಂ ನುಸುಳುತ್ತದೆ. ನೀರು ಬಿಸಿಯಾದಷ್ಟೂ ಅದು ಜಾಸ್ತಿ, ಒಂದು ಡಿಗ್ರಿಗೆ ಸುಮಾರು ಶೇ 9ರಷ್ಟು.

ಕೆಸರನ್ನು 63 ಮೈಕ್ರೊಮೀಟರ್ ಜರಡಿಯಲ್ಲಿ ತೊಳೆದು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಬ್ರಷ್ ತುದಿಯಿಂದ ಚಿಪ್ಪು ಆರಿಸುತ್ತೇವೆ. ನಾನು ಆರಿಸಿದ್ದು ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಫೊರಾಮಿನಿಫೆರಾ ಜಾತಿಯ ಬಿಳಿ ಬಗೆ, 250ರಿಂದ 350 ಮೈಕ್ರೊಮೀಟರ್ ಒಳಗಿನದು ಮಾತ್ರ. (ಇದರ ಗುಲಾಬಿ ಬಗೆ ಹಿಂದೂ ಮಹಾಸಾಗರದಿಂದ ಸುಮಾರು 1,20,000 ವರ್ಷಗಳ ಹಿಂದೆಯೇ ಮಾಯವಾಗಿದೆ.) ಬಿಳಿಯಲ್ಲೂ ಎರಡು ರೂಪ ಇವೆ. ದುಂಡು ಕೋಣೆ, ಕಮಾನಿನ ಹಾಗೆ ಎತ್ತರಿಸಿದ ಅಗಲ ಬಾಯಿ ಇರುವುದು ಮೇಲ್ನೀರಿನದು. ಕೊನೆಯ ಕೋಣೆ ಚಪ್ಪಟೆಯಾಗಿ, ಬಾಯಿ ಚಿಕ್ಕದಿದ್ದರೆ ಅದು ಸ್ವಲ್ಪ ಆಳದ್ದು. ಎರಡನ್ನೂ ಬೆರೆಸಿದರೆ ಎರಡು ಆಳದ ನೀರು ಬೆರೆತ ಹಾಗೆ. ಇದನ್ನು ಗುರುತಿಸಲು ಕಣ್ಣು ಪಳಗಬೇಕು, ಬೇರೆ ದಾರಿ ಇಲ್ಲ.

ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಆಮೇಲೆ ಬರುತ್ತದೆ: ತೊಳೆಯುವುದು. ಒಂದು ಚಿಪ್ಪು ಸುಮಾರು 10 ಮೈಕ್ರೊಗ್ರಾಂ ತೂಗುತ್ತದೆ, ಹಾಗಾಗಿ ಒಂದು ಮಾದರಿಗೆ ಹತ್ತಾರು ಬೇಕು. ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಮೆಲ್ಲಗೆ ಒತ್ತುತ್ತೇನೆ. ಕೋಣೆಗಳು ಬಿಚ್ಚಿಕೊಳ್ಳಬೇಕು, ಆದರೆ ಪುಡಿಯಾಗಬಾರದು. ಒಳಗೆ ಜೇಡಿಮಣ್ಣು ಕೂತಿರುತ್ತದೆ, ಅದರಲ್ಲೂ ಮೆಗ್ನೀಸಿಯಂ ಇರುತ್ತದೆ! ಕಣ್ಣಿಗೆ ಕಾಣದಷ್ಟು ಉಳಿದರೂ ಸಾಕು, ಸಮುದ್ರ ಒಂದೆರಡು ಡಿಗ್ರಿ ಸುಮ್ನೆ ಬಿಸಿಯಾಗಿ ಕಾಣುತ್ತದೆ. ಅದಕ್ಕೇ ಅತಿ ಶುದ್ಧ ನೀರು ಹಾಕಿ ಅಲ್ಟ್ರಾಸಾನಿಕ್‌ ಯಂತ್ರದಲ್ಲಿ (ಕಿವಿಗೆ ಕೇಳದ ಶಬ್ದದ ಕಂಪನದಿಂದ) ಅಲುಗಾಡಿಸಿ, ಚೂರುಗಳು ಕೆಳಗೆ ಕೂರುತ್ತಿದ್ದ ಹಾಗೇ ಮೇಲಿನ ಕದಡನ್ನು ಹೀರಿ ತೆಗೆಯುತ್ತೇನೆ. ನೀರು ತಿಳಿಯಾಗುವವರೆಗೂ ಇದೇ. ಆಮೇಲೆ ಮೆಥನಾಲ್. ಅದು ನೀರಿಗಿಂತ ತೆಳು, ಅಂಟಿಕೊಂಡ ಮಣ್ಣನ್ನು ಚೆನ್ನಾಗಿ ಬಿಡಿಸುತ್ತದೆ. ಜೈವಿಕ ಅಂಶ ಹೋಗಲು ಕ್ಷಾರ ಬೆರೆಸಿದ ಬಿಸಿ ಹೈಡ್ರೋಜನ್ ಪೆರಾಕ್ಸೈಡ್. ಕೊನೆಗೆ ತೀರಾ ತೆಳುವಾದ ನೈಟ್ರಿಕ್ ಆಮ್ಲ, ಅರೆ ನಿಮಿಷ ಅಷ್ಟೇ. ಜಾಸ್ತಿ ಹೊತ್ತು ಬಿಟ್ಟರೆ ಚಿಪ್ಪೇ ಕರಗುತ್ತದೆ.

ಉಳಿದದ್ದನ್ನು ಕರಗಿಸಿ, ಯಾವ ಧಾತು ಎಷ್ಟಿದೆ ಎಂದು ಅಳೆಯುವ ಐಸಿಪಿ ಯಂತ್ರಕ್ಕೆ ಕೊಡುತ್ತೇವೆ. ನಾನು ಮೊದಲು ನೋಡುವುದು ಮೆಗ್ನೀಸಿಯಂ ಅಲ್ಲ, ಅಲ್ಯೂಮಿನಿಯಂ, ಕಬ್ಬಿಣ, ಮ್ಯಾಂಗನೀಸ್. ಇವು ಏರಿದಲ್ಲೆಲ್ಲ ಮೆಗ್ನೀಸಿಯಂ ಕೂಡ ಏರಿದ್ದರೆ ಆ ಮಾದರಿಯನ್ನು ಬಿಟ್ಟುಬಿಡುತ್ತೇನೆ. ಎಷ್ಟೇ ಚಂದದ ಸಂಖ್ಯೆಯಾಗಿರಲಿ, ಅದು ಮಣ್ಣಿನ ಮಾತು.

ಲೆಕ್ಕ ಸುಲಭ. ಹೆಚ್ಚು ಬಳಕೆಯಲ್ಲಿರುವ ಸೂತ್ರದ ಪ್ರಕಾರ ಒಂದು ಮೋಲ್ ಕ್ಯಾಲ್ಸಿಯಂಗೆ 4.7 ಮಿಲಿಮೋಲ್ ಮೆಗ್ನೀಸಿಯಂ ಇದ್ದರೆ ನೀರು ಸುಮಾರು 28 ಡಿಗ್ರಿ, 3.6 ಇದ್ದರೆ 25. ಈ ಭಾಗದ ಕಡಲು ಹಿಮಯುಗದಲ್ಲಿ ಈಗಿನದಕ್ಕಿಂತ ಸುಮಾರು 2ರಿಂದ 3 ಡಿಗ್ರಿ ತಣ್ಣಗಿತ್ತು ಎಂದು ಇಂಥ ಚಿಪ್ಪುಗಳು ಹೇಳುತ್ತವೆ.

ಹಳೇ ತಾಪಮಾನಕ್ಕೆ ಇನ್ನೊಂದು ಅಳತೆ ಇದೆ: ಚಿಪ್ಪಿನಲ್ಲಿರುವ ಆಮ್ಲಜನಕದ ಐಸೊಟೋಪ್, ಅಂದರೆ ಅದರ ಭಾರದ ಮತ್ತು ಹಗುರದ ಪರಮಾಣುಗಳ ಅನುಪಾತ. ಬರೀ ಅದನ್ನೇ ನಂಬಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ. 1955ರಲ್ಲಿ ವಿಜ್ಞಾನಿ ಎಮಿಲಿಯಾನಿ ಆ ಅನುಪಾತದ ಏರಿಳಿತವನ್ನು ಹೆಚ್ಚಾಗಿ ತಾಪಮಾನದ್ದೇ ಎಂದು ಓದಿದರು. ಅದರಲ್ಲಿ ಬಹುಪಾಲು ಭೂಮಿಯ ಮೇಲೆ ಕೂಡಿಟ್ಟ ಹಿಮದ್ದು ಎಂದು 1967ರಲ್ಲಿ ಇನ್ನೊಬ್ಬ ವಿಜ್ಞಾನಿ ಶ್ಯಾಕಲ್ಟನ್ ತೋರಿಸಿದರು. ನಾನು ಒಡೆದ ಚೂರುಗಳಲ್ಲೇ ಒಂದು ಪಾಲನ್ನು ಐಸೊಟೋಪ್‌ಗೂ ಎತ್ತಿಡುತ್ತೇನೆ. ತಾಪಮಾನ, ಹಿಮ ಎರಡರ ಪಾಲನ್ನೂ ಕಳೆದರೆ ಉಳಿಯುವುದು ಸ್ಥಳೀಯ ನೀರಿನ ಗುರುತು. ಇಲ್ಲಿ ಅದು ಘಟ್ಟದ ಮಳೆ, ಮತ್ತೆ ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯಿಂದ ಸುತ್ತಿ ಬರುವ ಉಪ್ಪು ಕಮ್ಮಿಯ ನೀರು. ಅಂದರೆ ಮುಂಗಾರಿನ ಕಥೆಯೂ ಇದರಲ್ಲೇ ಇದೆ.

ತೊಡಕು ಏನೆಂದರೆ, ಉಪ್ಪು ಏರಿದರೂ ಚಿಪ್ಪಿನ ಮೆಗ್ನೀಸಿಯಂ ಸ್ವಲ್ಪ ಏರುತ್ತದೆ. ಆಳದಲ್ಲಿ ಚಿಪ್ಪು ಕರಗಿದರೆ ಇಳಿಯುತ್ತದೆ. ಹಾಗಾಗಿ ನನ್ನ ಗ್ರಾಫಿನಲ್ಲಿ ತೆಳು ಗೆರೆ ಇಲ್ಲ, ಆಚೀಚೆ ಸುಮಾರು ಒಂದು ಡಿಗ್ರಿ ಅಗಲದ ಪಟ್ಟಿ ಇದೆ.