ಟೆಂಟ್ ಪಕ್ಕ ಸೋಲಾರ್: ಪ್ಯಾನೆಲ್ ಕೊಳ್ಳುವ ಮೊದಲು ಒಂದು ಹಾಳೆ, ಒಂದು ಪೆನ್ನು

ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ 100 ವ್ಯಾಟ್ ಎಂದಿತ್ತು. ಸುಡುವ ಮಧ್ಯಾಹ್ನದ ಬಿಸಿಲಿಗೆ ಬಿಡಿಸಿಟ್ಟೆ. ಮೀಟರ್ ತೋರಿಸಿದ್ದು 64. ಎಲ್ಲೋ ಏನೋ ಕೆಟ್ಟಿದೆ ಎಂದುಕೊಂಡು ವೈರ್ ಬಿಚ್ಚಿದೆ, ಮತ್ತೆ ಹಾಕಿದೆ, ಪ್ಯಾನೆಲ್ ಒರೆಸಿದೆ. 66 ಆಯಿತು, ಅಷ್ಟೇ. ಏನೂ ಕೆಟ್ಟಿರಲಿಲ್ಲ. ಸೋಲಾರ್ ಇರುವುದೇ ಹಾಗೆ.

ಬಾಕ್ಸ್ ಮೇಲಿನ ಅಂಕಿ ಪ್ರಯೋಗಾಲಯದ್ದು. ಒಂದು ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು ಬೀಳಬೇಕು, ಸೆಲ್‌ಗಳ ಬಿಸಿ 25 ಡಿಗ್ರಿ ದಾಟಬಾರದು. ಅಲ್ಲಿ ಅಳೆದ ಲೆಕ್ಕ ಅದು. ಬಯಲಿನಲ್ಲಿ ಕಪ್ಪು ಪ್ಯಾನೆಲ್ 60 ಡಿಗ್ರಿವರೆಗೂ ಕಾಯುತ್ತದೆ. 25ರ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು ಶೇ 0.3ರಿಂದ 0.4ರಷ್ಟು ಕರೆಂಟ್ ಖೋತಾ. ಕಾವಿನಲ್ಲೇ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಮೇಲೆ ಧೂಳು, ಸರಿಯಿಲ್ಲದ ಕೋನ, ವೈರ್‌ನಲ್ಲಿ ಸೋರಿಕೆ. ಹಾಗಾಗಿ ಬಾಕ್ಸ್ ಮೇಲಿನ ಅಂಕಿಯಲ್ಲಿ ಶೇ 65ರಷ್ಟು ಸಿಕ್ಕರೆ ಪ್ಯಾನೆಲ್ ಚೆನ್ನಾಗಿದೆ ಎಂದೇ ಅರ್ಥ.

ಹೆಜ್ಜೆ 1: ಏನೇನು ಬೇಕು, ಬರೆಯಿರಿ

ಅಂಗಡಿಗೆ ಹೋಗುವುದು ಆಮೇಲೆ. ಮೊದಲು ಒಂದು ದಿನಕ್ಕೆ ಎಷ್ಟು ಕರೆಂಟ್ ಬೇಕು ಎಂದು ಹಾಳೆಯಲ್ಲಿ ಬರೆಯಿರಿ. ಲೆಕ್ಕ ಸುಲಭ. ಸಾಧನದ ವ್ಯಾಟ್ ಅನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ.

ಇಬ್ಬರು ಹೊರಟಿದ್ದಾರೆ ಎಂದುಕೊಳ್ಳಿ. ಎರಡು ಫೋನ್ ಪೂರ್ತಿ ಚಾರ್ಜ್ ಆಗಲು ಸುಮಾರು 36 ವ್ಯಾಟ್ ಅವರ್. 5 ವ್ಯಾಟ್‌ನ ಎಲ್ಇಡಿ ದೀಪ ನಾಲ್ಕು ಗಂಟೆ ಉರಿದರೆ 20. ಕ್ಯಾಮೆರಾ ಬ್ಯಾಟರಿಗೆ 15. 4 ವ್ಯಾಟ್‌ನ ಪುಟ್ಟ ಫ್ಯಾನ್ ಆರು ಗಂಟೆ ತಿರುಗಿದರೆ 24. ಒಟ್ಟು 95. ಚಾರ್ಜ್ ಆಗುವಾಗ ಸೋರಿಹೋಗುವುದಕ್ಕೆ ಕಾಲು ಭಾಗ ಸೇರಿಸಿ, 120 ಎಂದಿಟ್ಟುಕೊಳ್ಳಿ.

ದಿನವಿಡೀ ಬೆಳಕಿದ್ದರೂ ಗಟ್ಟಿ ಬಿಸಿಲು ಎಂದು ನಾಲ್ಕು ಗಂಟೆ ಮಾತ್ರ ಹಿಡಿಯಿರಿ. 60 ವ್ಯಾಟ್ ಪ್ಯಾನೆಲ್‌ನಿಂದ ನಿಜಕ್ಕೂ ಸಿಗುವುದು 39, ನಾಲ್ಕು ಗಂಟೆಗೆ 156. ಸಾಕಲ್ವಾ? ಲ್ಯಾಪ್‌ಟಾಪ್ ಸೇರಿದರೆ ಒಂದು ಸಲದ ಚಾರ್ಜ್‌ಗೇ ಸುಮಾರು 60 ವ್ಯಾಟ್ ಅವರ್ ಬೇಕು, ಆಗ 100 ವ್ಯಾಟ್ ಪ್ಯಾನೆಲ್ ನೋಡಿ. ಕಾರಿನಲ್ಲಿಡುವ ಪುಟ್ಟ ಫ್ರಿಜ್ ಇದ್ದರೆ ಆಟವೇ ಬೇರೆ. ಅದೊಂದೇ ದಿನಕ್ಕೆ 300 ವ್ಯಾಟ್ ಅವರ್ ನುಂಗಬಲ್ಲದು. ಅಲ್ಲಿಗೆ 200 ವ್ಯಾಟ್‌ಗಿಂತ ಕಮ್ಮಿ ಬೇಡ. ಇನ್ನು ಕೆಟಲ್, ಹೇರ್ ಡ್ರೈಯರ್, ಇಂಡಕ್ಷನ್ ಒಲೆ. ಇವನ್ನು ಹಾಳೆಯಿಂದ ಹೊಡೆದುಹಾಕಿ.

ಹೆಜ್ಜೆ 2: ಬ್ಯಾಟರಿ ಬೇಕೇ ಬೇಕು

ಪ್ಯಾನೆಲ್‌ಗೆ ನೇರವಾಗಿ ಫೋನ್ ಸಿಕ್ಕಿಸುವುದು ನೋಡಲು ಚೆಂದ. ಆದರೆ ಒಂದು ತುಂಡು ಮೋಡ ಬಂದರೆ ಚಾರ್ಜಿಂಗ್ ನಿಲ್ಲುತ್ತದೆ. ಮೋಡ ಸರಿದ ಮೇಲೆ ಕೆಲವು ಫೋನ್‌ಗಳು ತಾವಾಗಿ ಮತ್ತೆ ಶುರು ಮಾಡುವುದೇ ಇಲ್ಲ. ಕರೆಂಟ್ ಬೇಕಾಗುವುದು ರಾತ್ರಿಯೇ ತಾನೆ? ಹಗಲಲ್ಲಿ ಪವರ್ ಬ್ಯಾಂಕ್ ತುಂಬಿಸಿ, ಕತ್ತಲಾದ ಮೇಲೆ ಅದರಿಂದ ಫೋನ್ ತುಂಬಿಸಿ.

20000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ದೊಡ್ಡದು ಎನಿಸುತ್ತದೆ. ಒಳಗಿನ ಸೆಲ್ 3.7 ವೋಲ್ಟ್‌ನದು, ಹಾಗಾಗಿ ಅದು 74 ವ್ಯಾಟ್ ಅವರ್. ಕೈಗೆ ಸಿಗುವುದು 60ರ ಆಸುಪಾಸು. ನಮ್ಮ ಹಾಳೆಯ 95ಕ್ಕೆ ಅಂಥವು ಎರಡು ಬೇಕು, ಇಲ್ಲವೇ ಒಂದು ಸಣ್ಣ ಪವರ್ ಸ್ಟೇಷನ್, ಅಂದರೆ ಕೈಯಲ್ಲಿ ಒಯ್ಯಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ. ಪವರ್ ಸ್ಟೇಷನ್ ಕೊಳ್ಳುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವುದನ್ನೇ ಕೇಳಿ. ತೂಕ ಸ್ವಲ್ಪ ಜಾಸ್ತಿ, ಬಾಳಿಕೆಯೂ ಜಾಸ್ತಿ. ಹಿಮ ಬೀಳುವ ಕಡೆ ಹೋಗುವವರು ಗಮನಿಸಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು.

ಹೆಜ್ಜೆ 3: ಹೊರುವವರು ಯಾರು?

ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನಡೆಯುವವರಿಗೆ 20ರಿಂದ 30 ವ್ಯಾಟ್‌ನ ಮಡಚುವ ಪ್ಯಾನೆಲ್ ಸಾಕು. ಫೋನ್, ತಲೆದೀಪಕ್ಕೆ ಅಷ್ಟೇ ಸಾಕಾಗುತ್ತದೆ. ಬ್ಯಾಗಿಗೆ ನೇತುಹಾಕಿ ನಡೆಯುತ್ತಾ ಚಾರ್ಜ್ ಮಾಡುವ ಫೋಟೋಗಳನ್ನು ನಂಬಬೇಡಿ. ಬೆನ್ನು ಬಿಸಿಲಿಗೆ ತಿರುಗಿರುವುದು ಯಾವಾಗಲೋ ಒಮ್ಮೆ.

ಕಾರಿನಲ್ಲಿ ಹೋಗುವವರಿಗೆ 100 ವ್ಯಾಟ್‌ನ ಮಡಚುವ ಪ್ಯಾನೆಲ್ ಸರಿ. ತೂಕ 4-5 ಕಿಲೋ ಇರುತ್ತದೆ. ಒಂದೇ ಕಡೆ ವಾರಗಟ್ಟಲೆ ಬೀಡುಬಿಡುವವರು ಗಾಜಿನ, ಅಲ್ಯೂಮಿನಿಯಂ ಚೌಕಟ್ಟಿನ ಪ್ಯಾನೆಲನ್ನೇ ತೆಗೆದುಕೊಳ್ಳಲಿ. ಭಾರ ಹೌದು, ಆದರೆ ಅಷ್ಟೇ ವ್ಯಾಟ್‌ಗೆ ದುಡ್ಡು ಕಮ್ಮಿ, ಮಳೆಗಾಳಿ ತಡೆಯುತ್ತದೆ.

ಪ್ಯಾನೆಲ್‌ನ ಸೆಲ್ ಮೋನೋಕ್ರಿಸ್ಟಲೈನ್ (ಒಂದೇ ಸಿಲಿಕಾನ್ ಹರಳಿನಿಂದ ಕತ್ತರಿಸಿದ್ದು) ಇರಲಿ. ಮಡಚುವ ಪ್ಯಾನೆಲ್‌ನಲ್ಲಿ ಮೇಲಿನ ಪದರ ಇಟಿಎಫ್ಇ ಎಂಬ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಒಳ್ಳೆಯದು. ಅಗ್ಗದ ಪಿಇಟಿ ಪದರ ಬಿಸಿಲಿಗೆ ಬೇಗ ಮಂಕಾಗುತ್ತದೆ. ಹೊಲಿಗೆ, ಕೀಲು, ಹಿಂದಿನ ಕಾಲು ಇವನ್ನು ಎಳೆದು ನೋಡಿ.

ಹೆಜ್ಜೆ 4: ವೋಲ್ಟ್ ಹೊಂದುತ್ತದೆಯೇ?

ಹೆಚ್ಚಿನವರು ಎಡವುವುದು ಇಲ್ಲೇ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ ಎಂದು ಬರೆದಿರುತ್ತದೆ, ಅಂದರೆ ಪ್ಯಾನೆಲ್‌ಗೆ ಏನನ್ನೂ ಸಿಕ್ಕಿಸದೆ ಇದ್ದಾಗಿನ ವೋಲ್ಟ್. ‘12 ವೋಲ್ಟ್’ ಪ್ಯಾನೆಲ್ ಎಂದು ಮಾರುವುದರಲ್ಲೂ ಅದು 22ರ ಸುತ್ತಮುತ್ತ ಇರುತ್ತದೆ. ನಿಮ್ಮ ಪವರ್ ಸ್ಟೇಷನ್ ಎಷ್ಟು ವೋಲ್ಟ್‌ವರೆಗೆ ತಡೆಯುತ್ತದೆ ಎಂಬುದು ಅದರ ಸೋಲಾರ್ ಇನ್‌ಪುಟ್ ಪಕ್ಕ ಇರುತ್ತದೆ. ಆ ಮಿತಿಯನ್ನು ದಾಟಲೇಬಾರದು.

ಎರಡು ಪ್ಯಾನೆಲ್ ಜೋಡಿಸುವಾಗ ಇನ್ನೂ ಹುಷಾರು. ಸೀರೀಸ್‌ನಲ್ಲಿ (ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್) ಹಾಕಿದರೆ ವೋಲ್ಟ್ ಕೂಡುತ್ತದೆ: 22 ಮತ್ತು 22 ಸೇರಿ 44. ಮಿತಿ 30 ಇದ್ದರೆ ಸ್ಟೇಷನ್ ಸುಟ್ಟುಹೋಗಬಹುದು. ಪ್ಯಾರಲಲ್‌ನಲ್ಲಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಹಾಕಿದರೆ ವೋಲ್ಟ್ ಅಷ್ಟೇ ಇದ್ದು ಆಂಪಿಯರ್ ಕೂಡುತ್ತದೆ. ಚಳಿಯ ಬೆಳಗ್ಗೆ ವೋಲ್ಟ್ ಇನ್ನಷ್ಟು ಏರುವುದರಿಂದ ಮಿತಿಗೆ ತೀರಾ ಅಂಟಿಕೊಂಡ ಪ್ಯಾನೆಲ್ ಬೇಡ. ಆಂಪಿಯರ್ ಬಗ್ಗೆ ಅಷ್ಟು ತಲೆಬಿಸಿ ಇಲ್ಲ. ಸಾಮಾನ್ಯವಾಗಿ ಸ್ಟೇಷನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ಹದಮಾಡಿ ಕೊಡುವ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದಿರಲಿ. ಅದು ಪ್ಯಾನೆಲ್ ಅತಿ ಹೆಚ್ಚು ಕೊಡುವ ವೋಲ್ಟ್‌ನಲ್ಲೇ ಅದನ್ನು ದುಡಿಸುತ್ತದೆ. ಪಿಡಬ್ಲ್ಯುಎಂ ಎಂಬ ಅಗ್ಗದ ಬಗೆ 18 ವೋಲ್ಟ್‌ನಲ್ಲಿ ದುಡಿಯುವ ಪ್ಯಾನೆಲನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ತರುತ್ತದೆ. ಕಾಲು ಭಾಗ ಸುಮ್ನೆ ಹೋಯಿತು. ಪಿನ್ ಕೂಡ ನೋಡಿ. ಎಂಸಿ4, ಎಕ್ಸ್‌ಟಿ60, ದುಂಡು ಡಿಸಿ ಪಿನ್, ಹೀಗೆ ಹಲವು ಬಗೆ. ಅಡಾಪ್ಟರ್ ಹಾಕುವುದಾದರೆ ಪ್ಲಸ್, ಮೈನಸ್ ಅದಲುಬದಲಾಗಿಲ್ಲ ಎಂದು ಮಲ್ಟಿಮೀಟರ್‌ನಲ್ಲಿ ನೋಡಿಕೊಂಡೇ ಸಿಕ್ಕಿಸಿ.

ಹೆಜ್ಜೆ 5: ಮನೆಯಲ್ಲೇ ಒಂದು ದಿನ

ಹೊರಡುವ ಮೊದಲು ಎಲ್ಲವನ್ನೂ ಬಿಸಿಲಿಗೆ ಇಟ್ಟು ನೋಡಿ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಲೆಕ್ಕಕ್ಕಿಲ್ಲ. ಪ್ಯಾನೆಲ್ ಮೇಲೆ ಪೆನ್ನನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಮಾಯವಾಗುವವರೆಗೆ ಪ್ಯಾನೆಲ್ ವಾಲಿಸಿ. ಆಗ ಅದು ಸೂರ್ಯನಿಗೆ ನೇರ ಮುಖ ಮಾಡಿದೆ ಎಂದರ್ಥ. ಗಂಟೆಗೊಮ್ಮೆ ತಿರುಗಿಸಿದರೆ ಲಾಭ ಕಣ್ಣಿಗೆ ಕಾಣುತ್ತದೆ.

ನೆರಳಿನ ಪಾಠ ನನಗೆ ಕಲಿಸಿದ್ದು ಒಂದು ಟವೆಲ್. ಒಣಹಾಕಿದ್ದ ಅದರ ತುದಿ ಗಾಳಿಗೆ ಜೋತು ಪ್ಯಾನೆಲ್ ಮೇಲೆ ಅಂಗೈ ಅಗಲ ನೆರಳು ಬಿದ್ದಿತ್ತು. ಮೀಟರ್ 60ರಿಂದ 22ಕ್ಕೆ ಇಳಿದಿತ್ತು. ಸೆಲ್‌ಗಳು ಒಂದರ ಹಿಂದೊಂದು ಪೋಣಿಸಿದ ಹಾಗಿರುತ್ತವೆ. ಪೈಪನ್ನು ಒಂದು ಕಡೆ ಮಡಚಿದರೆ ಇಡೀ ನೀರು ತಡೆಯುವುದಿಲ್ಲವೇ, ಹಾಗೆ. ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ಕರೆಂಟ್‌ಗೆ ಬೇರೆ ದಾರಿ ಕೊಡುವ ಬೈಪಾಸ್ ಡಯೋಡ್ ಇರುವ ಪ್ಯಾನೆಲ್‌ನಲ್ಲಿ ನಷ್ಟ ಸ್ವಲ್ಪ ಕಮ್ಮಿ, ಆದರೆ ನೆರಳು ನೆರಳೇ. ಟೆಂಟ್ ಮರದಡಿ ಇರಲಿ, ಪ್ಯಾನೆಲ್ ಬಯಲಿಗೆ ಬರಲಿ. ನಡುವೆ ಉದ್ದದ, ದಪ್ಪನೆಯ ಕೇಬಲ್ ಬೇಕು. ತೆಳು ವೈರ್ ದಾರಿಯಲ್ಲೇ ಕರೆಂಟ್ ತಿನ್ನುತ್ತದೆ.

ಬ್ಯಾಟರಿಯನ್ನು ಮಾತ್ರ ಪ್ಯಾನೆಲ್ ಜೊತೆ ಬಿಸಿಲಿಗೆ ಕೂರಿಸಬೇಡಿ, ಅದರ ಬೆನ್ನ ಹಿಂದಿನ ನೆರಳಿಗೆ ಸರಿಸಿ. ಮಳೆ ಹನಿದರೆ ಪ್ಯಾನೆಲ್‌ಗೆ ಏನೂ ಆಗದಿರಬಹುದು, ಹಿಂದಿನ ಯುಎಸ್‌ಬಿ ಪೆಟ್ಟಿಗೆ ನೆನೆಯಬಾರದು.

ಪರೀಕ್ಷೆ ಮುಗಿದ ಮೇಲೆ ಕೇಬಲ್, ಅಡಾಪ್ಟರ್ ಎರಡನ್ನೂ ಪ್ಯಾನೆಲ್‌ನ ಜೇಬಿನೊಳಗೇ ಹಾಕಿ ಜಿಪ್ ಎಳೆಯಿರಿ. ಒಮ್ಮೆ ನಾನು ಪ್ಯಾನೆಲ್ ಹೊತ್ತುಕೊಂಡು ಹೋಗಿದ್ದೆ, ಬ್ಯಾಟರಿಯೂ ಇತ್ತು. ಕೇಬಲ್ ಮನೆಯ ಮೇಜಿನ ಮೇಲಿತ್ತು.