ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಹೊತ್ತು ಬಂತೇ?

ಗೇಮ್ ತಡವರಿಸಿದ ಕೂಡಲೇ ಕಾರ್ಡ್ ಮೇಲೆ ಗೂಬೆ ಕೂರಿಸಬೇಡಿ. ವಿ-ಸಿಂಕ್ (ಗೇಮ್ ಅನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮಿತಿ ತೆಗೆದು, ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಜಿಪಿಯು (ಕಾರ್ಡ್‌ನ ಚಿಪ್) ಬಳಕೆ, ವಿಡಿಯೊ ಮೆಮೊರಿ (ಕಾರ್ಡ್‌ನದೇ ಮೆಮೊರಿ), ತಾಪ, ಎಫ್‌ಪಿಎಸ್ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ ಅರ್ಧ ಗಂಟೆ ಆಡಿ.

ಬಳಕೆ ಶೇ 95–99 ಇದ್ದೂ ಎಫ್‌ಪಿಎಸ್ ಸಾಲದಿದ್ದರೆ ಕಾರ್ಡೇ ಸೋತಿದೆ. ಶೇ 60–70ರಲ್ಲೇ ನಿಂತರೆ ಸಾಮಾನ್ಯವಾಗಿ ಪ್ರೊಸೆಸರ್ ಹಿಂದೆ ಬಿದ್ದಿರುತ್ತದೆ; ಆಗ ಹೊಸ ಕಾರ್ಡ್ ದುಡ್ಡು ದಂಡ. ಅನುಮಾನವಿದ್ದರೆ ರೆಸಲ್ಯೂಶನ್ 1080ಪಿಯಿಂದ 720ಪಿಗೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ಕಾರ್ಡ್ ದುರ್ಬಲ, ಅಲುಗದಿದ್ದರೆ ಪ್ರೊಸೆಸರ್ ಅಥವಾ ಒಂದೇ ಸ್ಟಿಕ್ ರ‍್ಯಾಮ್ ಕಾರಣವಿರಬಹುದು.

ಸರಾಸರಿ ಚೆನ್ನಾಗಿದ್ದೂ ನಡುನಡುವೆ ಗಕ್ಕನೆ ನಿಲ್ಲುತ್ತದೆಯೇ? ವಿಡಿಯೊ ಮೆಮೊರಿ ತುಂಬಿರಬಹುದು. ತುಂಬಿದರೆ ದತ್ತಾಂಶ ನಿಧಾನವಾದ ರ‍್ಯಾಮ್‌ನಿಂದ ಬರಬೇಕಾಗುತ್ತದೆ. ಗೇಮ್ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ (ಮೇಲ್ಮೈ ಚಿತ್ರಗಳ ಗುಣಮಟ್ಟ) ಒಂದು ಹಂತ ಇಳಿಸಿ. ಸರಿಹೋದರೆ ಖರೀದಿ ಮುಂದೂಡಿ. ತಾಪ 85 ಡಿಗ್ರಿ ದಾಟಿ ಕ್ಲಾಕ್ (ಚಿಪ್‌ನ ವೇಗ) ಕುಸಿಯುತ್ತಿದ್ದರೆ ಧೂಳು ತೆಗೆದು, ಚಿಪ್‌ನ ಬಿಸಿ ಹೊರಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ. ಬೇಸಿಗೆಯ ಕಲಬುರಗಿಯಲ್ಲಿ ಇದು ಇನ್ನೂ ಮುಖ್ಯ.

ಕೊಳ್ಳುವುದೇ ಆದರೆ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಡಬ್ಬಿ) ಲೇಬಲ್ ಮೊದಲು ಓದಿ. ಆರ್‌ಟಿಎಕ್ಸ್ 3060 ಕಾರ್ಡಿಗೆ 170 ವಾಟ್ ಬೇಕು, ಎನ್‌ವಿಡಿಯಾ 550 ವಾಟ್ ಎಸ್‌ಎಂಪಿಎಸ್ ಸೂಚಿಸುತ್ತದೆ. ಅಗ್ಗದ ಡಬ್ಬಿ ಹಾಕಿದರೆ ಆಟದ ನಡುವೆ ಕಂಪ್ಯೂಟರ್ ಆರಿಹೋಗಬಹುದು. ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್) ಹಳೆಯ 3.0 ಆಗಿರುವ ಬೋರ್ಡ್‌ಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡ. ಅದಕ್ಕಿರುವುದು ನಾಲ್ಕೇ ಲೇನ್ (ದತ್ತಾಂಶ ಸಾಗುವ ದಾರಿ), 3.0ರಲ್ಲಿ ಅವು ನಿಧಾನ. ಕಾರ್ಡ್ ಹಿಡಿಸುತ್ತದೆಯೇ ಎಂದು ಕೇಸ್‌ನೊಳಗಿನ ಉದ್ದವನ್ನು ಟೇಪಿನಲ್ಲಿ ಅಳೆಯಿರಿ.