‘ಬಡ್’ ಎಲ್ಲಿ ಬೀಳಬೇಕು? ನಾನು ಮಾಡಿದ ಕಬಡ್ಡಿ ಗೇಮ್‌ನ ಕಥೆ

“ಮುಟ್ಟಿದ್ರೂ ಮುಟ್ಟಿಲ್ಲ ಅಂತದೆ ಕಣಣ್ಣ. ಮೋಸ ಇದು.”

ನನ್ನ ಗೇಮ್ ಬಗ್ಗೆ ಬಂದ ಮೊದಲ ಅಭಿಪ್ರಾಯ ಇದು. ಹೇಳಿದವನು ನಮ್ಮೂರ ಕಬಡ್ಡಿ ಟೀಮಿನ ಹುಡುಗ. ಮಂಡ್ಯದ ಕಡೆ ನಮ್ಮೂರಲ್ಲಿ ಗಣೇಶನ ಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯ ಇಡುತ್ತಾರೆ. ಎರಡು ಮ್ಯಾಚ್ ನಡುವೆ ಸುಮ್ನೆ ಕೂತಿದ್ದವರ ಕೈಗೆ ಫೋನ್ ಕೊಟ್ಟಿದ್ದೆ. ಆರು ಜನ ಆಡಿದರು. ಆರೂ ಜನ ಔಟ್.

ಗೇಮ್ ಸಣ್ಣದು. ಶನಿವಾರ, ಭಾನುವಾರ ಕೂತು ಮಾಡಿದ್ದು. ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ರಿದಮ್ ಗೇಮ್‌ಗಳೆಂದರೆ ನನಗೆ ಹುಚ್ಚು. ನಿಂಟೆಂಡೊ 2006ರಲ್ಲಿ ತಂದ ರಿದಮ್ ಟೆಂಗೊಕು ಕಿವಿಯಿಂದಲೇ ಆಡುವಂಥದ್ದು. ರಿದಮ್ ಡಾಕ್ಟರ್ ಅನ್ನೋ ಇಂಡೀ ಗೇಮ್ (ಸಣ್ಣ ತಂಡ ಸ್ವಂತವಾಗಿ ಮಾಡಿದ್ದು) ಇನ್ನೂ ಸರಳ. ಏಳನೇ ಬೀಟಿಗೆ ಸ್ಪೇಸ್‌ಬಾರ್ ಒತ್ತಬೇಕು, ಅಷ್ಟೇ. ಅದನ್ನು ಆಡುತ್ತಿದ್ದಾಗಲೇ ಕಬಡ್ಡಿ ನೆನಪಾಯಿತು. ಕ್ರಿಕೆಟ್ ಗೇಮ್ ಮಾಡಿದರೆ ಮ್ಯೂಸಿಕ್ಕನ್ನು ಹೊರಗಿಂದ ತಂದು ಹಾಕಬೇಕು. ಕಬಡ್ಡಿಯಲ್ಲಿ ಹಾಗಿಲ್ಲ. ರೈಡರ್ ಬಾಯಲ್ಲೇ ತಾಳ ಇದೆ. ಅದು ನಿಂತರೆ ಅವನೂ ಔಟ್.

ರೈಡಿಗೆ 30 ಸೆಕೆಂಡ್. ನಿಮಿಷಕ್ಕೆ 100 ಬೀಟ್ ಇಟ್ಟರೆ ಒಂದು ರೈಡಿಗೆ ಲೆಕ್ಕವಾಗಿ 50 ಬೀಟ್. ಡಿಫೆಂಡರ್ ಒಂದು ಹೆಜ್ಜೆ ಮುಂದೆ ಇಡುವ ಸದ್ದು ಬರುತ್ತದೆ. ಅಲ್ಲಿಂದ ನಾಲ್ಕನೇ ಬೀಟಿಗೆ ಸ್ಕ್ರೀನ್ ಒತ್ತಿದರೆ ಟಚ್. ತಪ್ಪಿದರೆ ಹಿಡಿದುಹಾಕುತ್ತಾರೆ.

ದನಿ ನನ್ನದೇ ಇರಲಿ ಅಂತ ರೂಮಿನಲ್ಲಿ ಕಂಬಳಿ ಹೊದ್ದು ಫೋನಿಗೆ ರೆಕಾರ್ಡ್ ಮಾಡಿದೆ. ಇಪ್ಪತ್ತು ಸೆಕೆಂಡಿಗೇ ದಮ್ಮು ಹೋಯಿತು. ಕೊನೆಗೆ ಜಿಲ್ಲಾ ಮಟ್ಟದಲ್ಲಿ ಆಡಿದ್ದ ಗೆಳೆಯನನ್ನು ಕರೆಸಿದೆ. ಅವನು ಒಂದೇ ಉಸಿರಲ್ಲಿ ಆರಾಮಾಗಿ ಹೇಳಿ ಮುಗಿಸಿ, “ಇದಕ್ಯಾಕೋ ಕಂಬಳಿ?” ಅಂದ.

ಊರಿಂದ ವಾಪಸ್ ಬಂದ ಮೇಲೆ ಈ ‘ಮೋಸ’ದ ಹಿಂದೆ ಬಿದ್ದೆ. ಮೊದಲ ಅನುಮಾನ ನನ್ನ ಕೋಡ್ ಮೇಲೆ. ಗೇಮ್ ಮಾಡಿದ್ದು ಗೊಡೊ ಎಂಜಿನ್‌ನಲ್ಲಿ, ಅಂದರೆ ಗೇಮ್ ಕಟ್ಟುವ ಒಂದು ಸಾಫ್ಟ್‌ವೇರ್‌ನಲ್ಲಿ. ಅದರಲ್ಲಿ ಹಾಡು ಎಲ್ಲಿಗೆ ಬಂತು ಅಂತ ಕೇಳಿದರೆ ಸಿಗುವ ಲೆಕ್ಕ ತುಂಡು ತುಂಡಾಗಿ ಮುಂದೆ ಹೋಗುತ್ತದೆ. ಶಬ್ದವನ್ನು ಎಂಜಿನ್ ಸಣ್ಣ ಸಣ್ಣ ಕಂತುಗಳಲ್ಲಿ ತಯಾರಿಸುತ್ತೆ, ಅದಕ್ಕೆ. ಹಿಂದಿನ ಕಂತು ಆಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ಕೂಡಿಸಬೇಕು. ಸ್ಪೀಕರ್ ತಲುಪಲು ಬೇಕಾಗುವ ಸಮಯವನ್ನು ಕಳೆಯಬೇಕು. ಇದನ್ನು ನಾನು ಮೊದಲೇ ಮಾಡಿದ್ದೆ. ಮತ್ತೆ ನೋಡಿದೆ, ಸರಿಯಾಗೇ ಇತ್ತು.

ಎರಡನೇ ಅನುಮಾನ ಬ್ಲೂಟೂತ್. ಹುಡುಗರು ಹಾಕಿಕೊಂಡಿದ್ದು ಬ್ಲೂಟೂತ್ ಇಯರ್‌ಫೋನ್. ಅದರಲ್ಲಿ ಶಬ್ದ 100–200 ಮಿಲಿಸೆಕೆಂಡ್ ತಡವಾಗಿ ಬರೋದು ಮಾಮೂಲಿ. ನಾನು ಬಿಟ್ಟಿದ್ದ ಅವಕಾಶ ಹಿಂದೆ ಮುಂದೆ 80 ಮಿಲಿಸೆಕೆಂಡ್. ಸಿಕ್ಕಿತಲ್ಲ ಕಳ್ಳ ಅಂದುಕೊಂಡು ವೈರ್ ಇರುವ ಇಯರ್‌ಫೋನ್ ತಂದೆ. ಅಕ್ಕನ ಮಗನನ್ನು ಕೂರಿಸಿ, ಅವನ ಒಂದೊಂದು ಒತ್ತು ಎಷ್ಟು ತಡ ಅಂತ ಬರೆದುಕೊಳ್ಳುವ ಹಾಗೆ ಮಾಡಿದೆ. ವೈರ್ ಇದ್ದರೂ ಸರಾಸರಿ 145 ಮಿಲಿಸೆಕೆಂಡ್ ತಡ!

ಇಲ್ಲಿ ಮೂರು ವಾರ ಹೋಯಿತು. ಬಿಟ್ಟುಬಿಡೋಣ ಅಂತಲೂ ಅನಿಸಿತು. ಒಂದು ರಾತ್ರಿ ಸುಮ್ಮನೆ ವೇಗವನ್ನು 120ಕ್ಕೆ ಏರಿಸಿ ಅವನ ಕೈಲಿ ಆಡಿಸಿದೆ. ತಡ 120 ಮಿಲಿಸೆಕೆಂಡ್ ಹತ್ತಿರ ಇಳಿಯಿತು. ಫೋನ್ ಮಾಡುವ ತಡ ಆಗಿದ್ದರೆ ತಾಳ ಜೋರಾದರೂ ಅಷ್ಟೇ ಇರಬೇಕಿತ್ತು, ಅಲ್ವಾ? ಇದು ತಾಳದ ಜೊತೆಗೇ ಕುಗ್ಗುತ್ತಿದೆ. 100ರ ವೇಗದಲ್ಲಿ ಒಂದು ಬೀಟ್ 600 ಮಿಲಿಸೆಕೆಂಡ್, ಅದರ ಕಾಲು ಭಾಗ 150. 120ರಲ್ಲಿ ಬೀಟ್ 500, ಕಾಲು ಭಾಗ 125. ಹುಡುಗರು ತಡ ಮಾಡುತ್ತಿರಲಿಲ್ಲ. ಎಲ್ಲರೂ ಕರೆಕ್ಟಾಗಿ ಕಾಲು ಬೀಟ್ ಬಿಟ್ಟು ಒತ್ತುತ್ತಿದ್ದರು.

ಯಾಕೆ ಅಂತ ಹೇಳಿದ್ದು ನಮ್ಮ ಬೀದಿಯ ಮೃದಂಗದ ಮೇಷ್ಟ್ರು. ಫೋನನ್ನು ಕಿವಿಗೆ ಹಿಡಿದು, ಇನ್ನೊಂದು ಕೈಯನ್ನು ತೊಡೆ ಮೇಲೆ ತಟ್ಟುತ್ತಾ ಹತ್ತು ಸೆಕೆಂಡ್ ಕೇಳಿದರು. “ನೀವು ಘಾತ ಇಟ್ಟಿರೋದು ‘ಕ’ ಮೇಲೆ. ಕೇಳೋರಿಗೆ ಅದು ಬೀಳೋದು ‘ಬಡ್’ ಮೇಲೆ. ಎಡುಪು ತಪ್ಪಿದೆ ನೋಡಿ” ಅಂದರು. ಘಾತ ಅಂದರೆ ತಾಳದ ಪೆಟ್ಟು, ಎಡುಪು ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ಆಗ ನೆನಪಾಯಿತು. ಕ ಲಘು. ಬಡ್ ಗುರು, ಮುಂದೆ ಒತ್ತಕ್ಷರ ಇದೆಯಲ್ಲ. ಡಿ ಲಘು. ಒಂದು, ಎರಡು, ಒಂದು, ಒಟ್ಟು ನಾಲ್ಕು ಮಾತ್ರೆ. ಅಂದರೆ ಜಗಣ. ಒಂದು ಬೀಟಿನಲ್ಲಿ ನಾಲ್ಕು ಮಾತ್ರೆ ಕೂರಿಸಿದರೆ ‘ಬಡ್’ ಶುರುವಾಗುವುದು ಕಾಲು ಬೀಟ್ ಆದ ಮೇಲೆ. ಭಾರ ಇರುವುದೂ ಅಲ್ಲೇ. ಪರೀಕ್ಷೆಗೆ ಎರಡು ಅಂಕಕ್ಕೆ ಅಂತ ಕಲಿತದ್ದು ಇಷ್ಟು ವರ್ಷದ ಮೇಲೆ ಬಗ್ ಹಿಡಿದುಕೊಟ್ಟಿತು.

ಸರಿ ಮಾಡಲು ಹಿಡಿದದ್ದು ಹತ್ತು ನಿಮಿಷ. ‘ಕಬಡ್ಡಿ’ಯ ಸದ್ದನ್ನು ಕಾಲು ಬೀಟ್ ಹಿಂದಕ್ಕೆ ಎಳೆದೆ. ‘ಕ’ ಬೀಟಿಗೆ ಮುಂಚೆ ಬಂದುಹೋಗುತ್ತದೆ, ‘ಬಡ್’ ನೇರ ಬೀಟಿನ ಮೇಲೆ ಬೀಳುತ್ತದೆ. ಅಕ್ಕನ ಮಗ ಅದೇ ದಿನ ಎರಡು ರೈಡ್ ಮುಗಿಸಿದ.

ಬೇರೆ ಅಭಿಪ್ರಾಯಗಳೂ ಬಂದವು. ಸ್ಕ್ರೀನ್ ಮೇಲೆ ಬಾಣ ಓಡಿಸಿ, ಯಾವಾಗ ಒತ್ತಬೇಕು ಅಂತ ತೋರಿಸಿ ಅಂದವರೇ ಜಾಸ್ತಿ. ನಾನು ಒಪ್ಪಲಿಲ್ಲ. ಬಾಣ ಕಂಡ ತಕ್ಷಣ ಜನ ಕೇಳುವುದನ್ನು ಬಿಡುತ್ತಾರೆ. ಆಮೇಲೆ ಅದು ಕಬಡ್ಡಿ ಆದರೇನು, ಕೇರಂ ಆದರೇನು? ಆದರೆ ಆಫೀಸಿನ ಗೆಳತಿ ಹೇಳಿದ ಒಂದು ಮಾತು ತಟ್ಟಿತು. “ಬಸ್ಸಲ್ಲಿ ಫೋನ್ ಸೈಲೆಂಟ್ ಇಟ್ಕೊಂಡು ಹೇಗೆ ಆಡ್ಲಿ?” ಕಿವಿ ಸರಿಯಾಗಿ ಕೇಳದವರಿಗೂ ಇದೇ ತೊಂದರೆ. ಹಾಗಾಗಿ ಪ್ರತಿ ‘ಬಡ್’ಗೆ ಫೋನ್ ಸಣ್ಣಗೆ ನಡುಗುವ ಹಾಗೆ ಮಾಡಿದೆ. ಆಂಡ್ರಾಯ್ಡ್‌ನಲ್ಲಿ ವೈಬ್ರೇಷನ್ನಿಗೆ ಬೇರೆ ಪರ್ಮಿಷನ್ ಹಾಕಬೇಕು ಅನ್ನೋದು ಗೊತ್ತಾಗದೆ ಅರ್ಧ ದಿನ ಹಾಳಾಯಿತು, ಅದು ಬೇರೆ ಮಾತು.

ಗೆಳೆಯನ ದೂರೂ ಸರಿಯಾದದ್ದೇ. ರೈಡರ್ ಒಳಗೆ ಹೋಗುವಾಗ ಒಂದೇ ವೇಗದಲ್ಲಿ ಹೇಳಲ್ಲ, ಬೋನಸ್ ಲೈನ್ ಹತ್ತಿರ ಬಂದಂತೆ ಜೋರಾಗುತ್ತದೆ ಅಂದ. ಅವನ ರೆಕಾರ್ಡಿಂಗ್ ಮತ್ತೆ ಕೇಳಿದರೆ ನಿಜಕ್ಕೂ ಹಾಗೇ ಇತ್ತು. ಈಗ ರೈಡ್ 100ರಲ್ಲಿ ಶುರುವಾಗಿ 120ಕ್ಕೆ ಏರುತ್ತದೆ.

ಈ ಸಲದ ಹಬ್ಬಕ್ಕೆ ಅದೇ ಹುಡುಗನಿಗೆ ಮತ್ತೆ ಫೋನ್ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಆಡಿದ. ಮೂರು ಟಚ್ ಮಾಡಿದ, ನಾಲ್ಕನೆಯದಕ್ಕೆ ಸಿಕ್ಕಿಬಿದ್ದ. ಫೋನ್ ವಾಪಸ್ ಕೊಡುತ್ತಾ, “ಈಗ ಸರಿ ಅದೆ ಕಣಣ್ಣ. ಆದ್ರೆ ಕ್ಯಾಚ್ ಆದ್ರೆ ನೋವೇ ಆಗಲ್ವಲ್ಲ” ಅಂದ.

ವೈಬ್ರೇಷನ್ ಸ್ವಲ್ಪ ಜಾಸ್ತಿ ಮಾಡಿದ್ದೇನೆ.